ಬಸೂಗೆ ಹೊಲ ಅಡ ಇಡಲು ಬಿಡಬೇಡಿ

ಡಲ್ಲಾಸ್, ಟೆಕ್ಸಾಸ್
ಭಾನುವಾರ ರಾತ್ರಿ

ಅಪ್ಪಾಜಿಗೆ, ಅವ್ವನಿಗೆ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಆರಾಮ. ನೀವೂ ಆರಾಮ ಇದ್ದೀರಿ ಅಂದುಕೊಂಡಿದ್ದೇನೆ. ಅವ್ವ ಬಿಪಿ ಗುಳಿಗೆ ತಪ್ಪಿಸಬಾರದು. ಶಾಂತಕ್ಕನಿಗೆ, ಮಾವನಿಗೆ ಕೇಳಿದೆ ಅಂತ ಹೇಳಿ.

ನಿಮ್ಮ ಕಾಗದ ಗುರುವಾರ ಕೈ ಸೇರಿತು. ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡಿದರೂ ಏನೂ ಹೇಳದವರು ಕಾಗದ ಯಾಕೆ ಬರೆದರು ಅಂತ ಒಡೆಯುವಾಗ ಎದೆ ಹೊಡೆದುಕೊಂಡಿತು. ಓದಿದ ಮೇಲೆ ಗೊತ್ತಾಯಿತು, ತಮ್ಮ ಬಸು ನಮ್ಮ ಗದ್ದೆ ಅಡ ಇಟ್ಟು ಬಳ್ಳಾರಿಯಲ್ಲಿ ಜಮೀನಿನ ಕರಾರು ವ್ಯಾಪಾರಕ್ಕೆ ಇಳಿಯುತ್ತಾನಂತೆ. ಫೋನ್ ಮಾಡಿದಾಗಲೆಲ್ಲ ಬಸು ಪಕ್ಕದಲ್ಲೇ ಕೂತಿರುತ್ತಾನೆ, ಅಲ್ವಾ? ಅದಕ್ಕೇ ನಾನೂ ಕಾಗದದಲ್ಲೇ ಉತ್ತರ ಬರೆಯುತ್ತಿದ್ದೇನೆ. ಆದರೆ ಇದನ್ನು ಬಚ್ಚಿಡಬೇಡಿ. ನೀವು ಓದಿ ಅವನ ಕೈಗೆ ಕೊಡಿ. ಅವನ ಮೇಲೆ ನನಗೆ ಸಿಟ್ಟಿಲ್ಲ. ಎರಡನೇ ಬೆಳೆಗೆ ನೀರು ಬಿಡುವುದಿಲ್ಲ ಅಂದ ಮೇಲೆ ಕಾರಟಗಿಯಲ್ಲಿ ಕೈ ಕಟ್ಟಿ ಕೂರು ಅಂತ ಯಾರಿಗೆ ಹೇಳೋಕಾಗುತ್ತೆ? 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋದಾಗಿಂದ ನಮ್ಮ ಕಡೆಯವರ ನೆಮ್ಮದಿಯೂ ಅದರ ಜೊತೆಗೇ ಹೋಗಿದೆ.

ಮುಖ್ಯ ಮಾತು ಮೊದಲೇ ಹೇಳಿಬಿಡುತ್ತೇನೆ. ಬಸು ತಂದ ಯಾವ ಕಾಗದಕ್ಕೂ ಸಹಿ ಹಾಕಬೇಡಿ. ನಾಲ್ಕು ಎಕರೆ ಗದ್ದೆಯ ಉತಾರ (ಪಹಣಿ) ಯಾರ ಕೈಗೂ ಕೊಡಬೇಡಿ. ಶಾಂತಕ್ಕನಿಗೂ ಹೇಳಿ, ಅವಳೂ ಹಾಕಬಾರದು. ಉಳಿದದ್ದನ್ನು ಸಾವಕಾಶವಾಗಿ ಓದಿ.

"ಅಣ್ಣ ಅಮೆರಿಕದಲ್ಲಿ ಒಂದು ರೂಪಾಯಿ ಬಂಡವಾಳ ಇಲ್ಲದೆ ಇದನ್ನೇ ಮಾಡ್ತಾನೆ, ನಾನು ಬಳ್ಳಾರಿಯಲ್ಲಿ ಮಾಡಿದರೆ ತಪ್ಪೇನು" ಅಂತ ಅವನು ವಾದ ಮಾಡಿದ್ದಾನಂತೆ. ಅಡತಿ ಅಂಗಡಿಯಲ್ಲಿ ಬೇರೆ ಯಾರೋ "ನಿಮ್ಮ ದೊಡ್ಡ ಮಗ ನೌಕರಿ ಬಿಟ್ಟು ಇನ್ನೊಬ್ಬರ ಮನೆ ಮಾರುತ್ತಾನಂತೆ" ಅಂದರಂತೆ. ಯಾರು ಅಂದರು ಅಂತ ನೀವು ಬರೆದಿಲ್ಲ. ನನಗೆ ಅಂದಾಜಿದೆ, ಇರಲಿ ಬಿಡಿ. ನೌಕರಿ ಬಿಟ್ಟದ್ದು ನಿಜ. ಗ್ರೀನ್ ಕಾರ್ಡ್ ಬಂದ ಮೇಲೇ ಬಿಟ್ಟೆ, ಹಾಗಾಗಿ ವೀಸಾದ ಭಯ ಇಲ್ಲ. ವಿದ್ಯಾಳ ನೌಕರಿ ಇದೆ, ಎಲ್ಲರ ಆಸ್ಪತ್ರೆ ಇನ್ಶೂರೆನ್ಸ್ ಅವಳ ಕಂಪನಿಯಿಂದಲೇ ಬರುತ್ತದೆ. ಮನೆ ಕಂತು ತಪ್ಪಿಲ್ಲ. ಕೈಸಾಲ ಇಲ್ಲ. ನಿಜವಾಗಿಯೂ ಇಲ್ಲ, ಅಪ್ಪಾಜಿ.

ನಾನು ಮಾಡುವ ಕೆಲಸ ಇಷ್ಟೇ. ಯಾರಿಗೋ ಮನೆ ಬೇಗ ಮಾರಬೇಕಿರುತ್ತದೆ. ಮನೆ ಹಳೆಯದು, ರಿಪೇರಿಗೆ ದುಡ್ಡಿಲ್ಲ, ಅಥವಾ ಅಪ್ಪ ಅಮ್ಮ ತೀರಿಕೊಂಡು ಮಕ್ಕಳು ಬೇರೆ ಬೇರೆ ರಾಜ್ಯದಲ್ಲಿದ್ದಾರೆ. ನಾನು ಹೋಗಿ ಒಂದು ಬೆಲೆಗೆ ಕರಾರು ಮಾಡಿಕೊಳ್ಳುತ್ತೇನೆ. ಆಮೇಲೆ ಆ ಕರಾರನ್ನು ಮನೆ ರಿಪೇರಿ ಮಾಡಿ ಮಾರುವವರಿಗೋ ಬಾಡಿಗೆಗೆ ಕೊಡುವವರಿಗೋ ಬಿಟ್ಟುಕೊಡುತ್ತೇನೆ. ಅವರು ನನಗೊಂದು ಫೀ ಕೊಡುತ್ತಾರೆ. ಮನೆ ಒಂದು ದಿನವೂ ನನ್ನ ಹೆಸರಿಗೆ ಬರುವುದಿಲ್ಲ. ನೀವು ಎಪಿಎಂಸಿಯಲ್ಲಿದ್ದಾಗ ಗದ್ದೆಯಲ್ಲಿ ನಿಂತ ಭತ್ತಕ್ಕೇ ಮುಂಗಡ ಕೊಟ್ಟು, ಕೊಯ್ಲಿಗೆ ಮೊದಲೇ ಮಿಲ್ಲಿನವರಿಗೆ ದಾಟಿಸುತ್ತಿದ್ದಿರಲ್ಲ, ಅದೇ ಲೆಕ್ಕ. ಆಗ ನಿಮ್ಮನ್ನು ಯಾರೂ ಮೋಸಗಾರ ಅನ್ನಲಿಲ್ಲ.

ಬೆಲೆ ಹೇಗೆ ಕಟ್ಟುತ್ತೇನೆ ಅಂತ ಕೇಳಿದ್ದೀರಿ. ಒಂದು ಮನೆ ಪೂರ್ತಿ ರಿಪೇರಿಯಾದ ಮೇಲೆ 2,40,000 ಡಾಲರ್‌ಗೆ ಹೋಗುತ್ತದೆ ಅನ್ನಿ. ಕೊಳ್ಳುವವನು ಅದರ 70 ಪರ್ಸೆಂಟ್ ಮೇಲೆ ಕಣ್ಣಿಡುತ್ತಾನೆ, ಅಂದರೆ 1,68,000. ರಿಪೇರಿಗೆ 45,000 ಕಳೆಯಿರಿ. ಉಳಿದದ್ದು 1,23,000. ಅದರಲ್ಲಿ ನನ್ನ ಫೀ 10,000 ಇಟ್ಟುಕೊಂಡರೆ ಮನೆಯವರಿಗೆ ನಾನು ಹೇಳಬಹುದಾದ ಬೆಲೆ 1,13,000. ಇದರ ಮೇಲೆ ಒಂದು ಸಾವಿರ ಜಾಸ್ತಿ ಒಪ್ಪಿಕೊಂಡರೂ ಅದು ನನ್ನ ಜೇಬಿನಿಂದಲೇ ಹೋಗಬೇಕು. ಇಲ್ಲಿ ಹೊಸದಾಗಿ ಬಂದ ಹುಡುಗರು ಮುಳುಗುವುದು ಮನೆ ಬೆಲೆಯಲ್ಲಲ್ಲ, ರಿಪೇರಿ ಲೆಕ್ಕದಲ್ಲಿ. ಅದಕ್ಕೂ ಒಂದು ಕಾರಣ ಇದೆ, ಕೇಳಿದರೆ ನಗುತ್ತೀರಿ.

ಡಲ್ಲಾಸ್ ಇರುವುದು ನಮ್ಮ ಎರಿ ಭೂಮಿಯಂಥ ನೆಲದ ಮೇಲೆ! ಮೊದಲು ಹತ್ತಿ ಬೆಳೆಯುತ್ತಿದ್ದ ಕಪ್ಪು ಮಣ್ಣು. ಮಳೆ ಬಂದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಅದರ ಮೇಲೆ ಕಾಂಕ್ರೀಟ್ ಹಾಸಿ ಕಟ್ಟಿಗೆಯ ಮನೆ ನಿಲ್ಲಿಸಿದ್ದಾರೆ. ಒಂದು ಕಡೆ ನೆಲ ಇಳಿಯಿತು ಅಂದರೆ ಬಾಗಿಲು ಮುಚ್ಚುವುದಿಲ್ಲ, ಕಿಟಕಿ ಮೂಲೆಯಿಂದ ಗೋಡೆ ಸೀಳುತ್ತದೆ. ಅದಕ್ಕೇ ಬೇಸಿಗೆ ಬಂದರೆ ಇಲ್ಲಿಯವರು ಮನೆ ಸುತ್ತ ತೂತಿನ ಪೈಪು ಹಾಸಿ ಪಾಯಕ್ಕೆ ನೀರು ಬಿಡುತ್ತಾರೆ. ಹೌದು, ಗಿಡಕ್ಕಲ್ಲ, ಪಾಯಕ್ಕೆ! ಮೊದಲ ಸಲ ನೋಡಿದಾಗ ಈ ಮಂದಿಗೆ ತಲೆ ಸರಿ ಇದೆಯಾ ಅಂದುಕೊಂಡೆ. ಈಗ ಯಾವ ಮನೆಗೆ ಹೋದರೂ ಮೊದಲು ಬಾಗಿಲು ಮುಚ್ಚಿ ತೆಗೆದು ನೋಡುತ್ತೇನೆ. ಎರಿ ಮಣ್ಣಿನ ಗುಣ ಇಲ್ಲಿಯ ಹುಡುಗರಿಗೆ ಯಾರಾದರೂ ಕಲಿಸಬೇಕು. ನನಗೆ ನೀವು ಚಿಕ್ಕಂದಿನಲ್ಲೇ ಕಲಿಸಿದ್ದೀರಿ.

ಇನ್ನೊಂದು, ಟೆಕ್ಸಾಸ್‌ನಲ್ಲಿ ಜೋಳ ಚೆನ್ನಾಗಿ ಬೆಳೆಯುತ್ತಾರೆ. ಬೆಳೆದು ದನಕ್ಕೆ ಹಾಕುತ್ತಾರೆ. ನಾವು ಹಿಟ್ಟಿಗೆ ಇಂಡಿಯನ್ ಅಂಗಡಿಗೆ ಹೋಗಿ ನಮ್ಮ ಕಡೆಯಿಂದ ಬಂದ ಪಾಕೀಟು ತರುತ್ತೇವೆ. ಅವ್ವನಿಗೆ ಹೇಳಿ, ರೊಟ್ಟಿ ತಪ್ಪಿಲ್ಲ.

ಮೋಸದ ಮಾತಿಗೆ ಬರುತ್ತೇನೆ, ಅದು ನನಗೆ ಚುಚ್ಚಿದೆ. ಹೋದ ಬೇಸಿಗೆಯಲ್ಲಿ ಪ್ಲೆಸೆಂಟ್ ಗ್ರೋವ್ ಕಡೆ ಒಬ್ಬ ಮುದುಕಿಯ ಮನೆಗೆ ಹೋಗಿದ್ದೆ. ಗಂಡ ತೀರಿಕೊಂಡಿದ್ದಾನೆ, ಮಗ ಬೇರೆ ರಾಜ್ಯದಲ್ಲಿ. ಮನೆ ಮಾರುವುದಿದ್ದರೆ ತಿಳಿಸಿ ಅಂತ ನಾವು ಕಳಿಸಿದ ಕಾಗದ ನೋಡಿ ತಾನೇ ಫೋನ್ ಮಾಡಿದ್ದಳು. ಅಡುಗೆಮನೆಯ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳುತ್ತಿತ್ತು. ಅದನ್ನು ಸೊಂಟದಿಂದ ತಳ್ಳಿ ಮುಚ್ಚಿ, ನನಗೆ ತಣ್ಣನೆ ಚಹಾ ಕೊಟ್ಟಳು. ಇಲ್ಲಿ ಚಹಾಕ್ಕೆ ಐಸ್ ಹಾಕಿ ಕುಡಿಯುತ್ತಾರೆ. ಮೇಜಿನ ಮೇಲೆ ಕೌಂಟಿಯಿಂದ, ಅಂದರೆ ಇಲ್ಲಿಯ ಜಿಲ್ಲಾ ಆಡಳಿತದಿಂದ ಬಂದ ಆಸ್ತಿ ತೆರಿಗೆ ನೋಟಿಸುಗಳನ್ನು ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದಳು. ಮೇಲಿನದನ್ನು ಮಾತ್ರ ಒಡೆದಿದ್ದಳು. ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಆ ಹೊರೆಯ ದೊಡ್ಡ ಪಾಲನ್ನು ಮನೆ ಮೇಲೆ ಹಾಕಿದ್ದಾರೆ. ತೆರಿಗೆ ಕಟ್ಟಲಾಗದೆ ಮನೆ ಮಾರಬೇಕು ಅಂದಳು.

ನಾನು ಅಲ್ಲೇ ಕರಾರು ಬರೆಸಿಕೊಳ್ಳಬಹುದಿತ್ತು. ಆದರೆ ಇಲ್ಲಿ 65 ದಾಟಿದವರು ತಾವು ವಾಸ ಇರುವ ಮನೆಯ ತೆರಿಗೆಯನ್ನು ಮುಂದೂಡಿಸಿಕೊಳ್ಳಬಹುದು. ಒಂದು ಅಫಿಡವಿಟ್ ಕೊಟ್ಟರೆ ಸಾಕು. ವರ್ಷಕ್ಕೆ 5 ಪರ್ಸೆಂಟ್ ಬಡ್ಡಿ ಸೇರುತ್ತದೆ, ಆದರೆ ಅವರು ಆ ಮನೆಯಲ್ಲಿ ಇರುವವರೆಗೆ ತೆರಿಗೆ ಬಾಕಿಗಾಗಿ ಯಾರೂ ಬಂದು ಮನೆ ಹರಾಜು ಹಾಕುವಂತಿಲ್ಲ. ಅವಳಿಗೆ ಅದು ಗೊತ್ತೇ ಇರಲಿಲ್ಲ. ಹೇಳಿದೆ. ಫಾರಂ ಯಾವ ಆಫೀಸಿಗೆ ಕೊಡಬೇಕು ಅಂತಲೂ ಬರೆದುಕೊಟ್ಟೆ. ಅವಳು ಮನೆ ಮಾರಲಿಲ್ಲ. ಆಫೀಸಿಗೆ ಬಂದಾಗ ನಮ್ಮ ಕೆಲಸದ ಹುಡುಗ "ಸರ್, ಹೀಗೆ ಮಾಡಿದರೆ ಅಂಗಡಿ ಮುಚ್ಚಬೇಕಾಗುತ್ತದೆ" ಅಂದ. ಅಂಗಡಿ ಮುಚ್ಚಿಲ್ಲ. ಅವಳೇ ತನ್ನ ಚರ್ಚಿನ ಗೆಳತಿಯನ್ನು ನಮ್ಮ ಹತ್ತಿರ ಕಳಿಸಿದಳು. ಆ ಗೆಳತಿಯ ತಮ್ಮನ ಮನೆ ನಮ್ಮ ಮೂಲಕವೇ ಹೋಯಿತು. ಅಡತಿ ಅಂಗಡಿಯಲ್ಲಿ ಮಾತಾಡಿದವರಿಗೆ ಇದನ್ನೂ ಹೇಳಿ.

ಕಾನೂನಿನ ಪ್ರಕಾರ ಸರಿ ಇದೆಯಾ ಅಂತಲೂ ಕೇಳಿದ್ದೀರಿ. ಇದೆ. ಟೆಕ್ಸಾಸ್‌ನಲ್ಲಿ 2017ರಿಂದ ಒಂದು ನಿಯಮ ಇದೆ. ಕರಾರು ಮಾರುವವನು "ನನ್ನ ಹತ್ತಿರ ಇರುವುದು ಮನೆ ಅಲ್ಲ, ಕರಾರಿನ ಹಕ್ಕು ಮಾತ್ರ" ಅಂತ ಕೊಳ್ಳುವವನಿಗೆ ಮೊದಲೇ ತಿಳಿಸಬೇಕು. ಇಲ್ಲದಿದ್ದರೆ ಲೈಸೆನ್ಸ್ ಇಲ್ಲದೆ ದಲ್ಲಾಳಿ ಮಾಡಿದ ಲೆಕ್ಕ. ನಾನು ಲೈಸೆನ್ಸನ್ನೂ ತೆಗೆದುಕೊಂಡಿದ್ದೇನೆ. 180 ಗಂಟೆ ಪಾಠ, ಆಮೇಲೆ ಪರೀಕ್ಷೆ. ಈ ವಯಸ್ಸಿನಲ್ಲಿ ಪರೀಕ್ಷೆಗೆ ಕೂತಿದ್ದು ನೋಡಿ ಮಗಳು ನಗುತ್ತಿದ್ದಳು. ಎಲ್ಲ ರಾಜ್ಯದಲ್ಲೂ ಒಂದೇ ಕಾನೂನಲ್ಲ. ಇಲಿನಾಯ್‌ನಲ್ಲಿ 12 ತಿಂಗಳಲ್ಲಿ ಒಂದಕ್ಕಿಂತ ಜಾಸ್ತಿ ಮಾಡಿದರೆ ಲೈಸೆನ್ಸ್ ಬೇಕು. ಪಕ್ಕದ ಒಕ್ಲಹೋಮದಲ್ಲಿ 2021ರಿಂದ ಬಿಗಿ ಮಾಡಿದ್ದಾರೆ. ಅದಕ್ಕೇ ಆ ಕಡೆ ನಾನು ಕಾಲಿಟ್ಟಿಲ್ಲ.

ವ್ಯಾಪಾರ ಬೆಳೆಸುತ್ತಿದ್ದೇನೆ ಅಂದಿದ್ದಕ್ಕೆ ನೀವು ಹೆದರಿದ್ದೀರಿ. ಬೆಳೆಸುವುದು ಅಂದರೆ ಸಾಲ ಮಾಡಿ ಆಫೀಸು ಹಾಕುವುದಲ್ಲ. ಮೊದಲು ಎಲ್ಲ ನಾನೇ ಮಾಡುತ್ತಿದ್ದೆ. ಬೀದಿ ಬೀದಿ ಕಾರು ಓಡಿಸಿ, ಹುಲ್ಲು ಆಳೆತ್ತರ ಬೆಳೆದ ಮನೆ, ಕಿಟಕಿಗೆ ಹಲಗೆ ಹೊಡೆದ ಮನೆ ಗುರುತು ಹಾಕಿಕೊಳ್ಳುವುದು. ಮನೆ ಯಾರ ಹೆಸರಲ್ಲಿದೆ ಅಂತ ಕೌಂಟಿ ದಾಖಲೆಯಲ್ಲಿ ಹುಡುಕುವುದು. ಕಾಗದ ಕಳಿಸುವುದು. ನೂರು ಕಾಗದಕ್ಕೆ ಒಬ್ಬರು ಫೋನ್ ಮಾಡಿದರೆ ಪುಣ್ಯ, ಅದರಲ್ಲೂ ಅರ್ಧ ಬೈಯ್ಯೋಕೇ ಮಾಡುತ್ತಾರೆ. ಅದನ್ನೆಲ್ಲ ಒಬ್ಬನೇ ಮಾಡಿದರೆ ತಿಂಗಳಿಗೆ ಒಂದು ವ್ಯವಹಾರ ಮುಗಿದರೆ ಜಾಸ್ತಿ. ಒಂದು ಕಡೆ ಮನೆ ನೋಡೋಕೆ ಹೋದಾಗ ಇನ್ನೊಂದು ಕಡೆ ಫೋನ್ ಎತ್ತುವವರು ಇರುವುದಿಲ್ಲ.

ಈಗ ಫೋನ್ ಎತ್ತಲು ಒಬ್ಬಳು, ಮನೆ ನೋಡಿ ಬೆಲೆ ಮಾತಾಡಲು ಒಬ್ಬ, ಕೊಳ್ಳುವವರನ್ನು ಹುಡುಕಲು ಒಬ್ಬ. ಕೊಳ್ಳುವವರ ಪಟ್ಟಿಯೇ ನಿಜವಾದ ಆಸ್ತಿ. ಯಾರಿಗೆ ಯಾವ ಬಡಾವಣೆ ಬೇಕು, ಯಾರು ನಿಜವಾಗಿ ದುಡ್ಡು ಇಟ್ಟುಕೊಂಡವರು, ಯಾರು ಬರೀ ಬಾಯಿ, ಎಲ್ಲ ಬರೆದಿಟ್ಟಿದ್ದೇವೆ. ಒಬ್ಬ ಕೊನೇ ದಿನ ಬರಲೇ ಇಲ್ಲ. ಎರಡನೆಯವನಿಗೆ ಅವತ್ತೇ ಫೋನ್ ಹಚ್ಚಿದೆವು, ಮರುದಿನ ಕೆಲಸ ಮುಗಿಯಿತು. ಸಿಕ್ಕಸಿಕ್ಕವರಿಗೆ ಫೋನ್ ಮಾಡುವ ಹಾಗೂ ಇಲ್ಲ ಇಲ್ಲಿ. ಕರೆ ಬೇಡ ಅಂದವರ ಪಟ್ಟಿ ಅಂತ ಸರಕಾರದ್ದೇ ಒಂದಿದೆ. ಅದರಲ್ಲಿರುವವರಿಗೆ ಹೀಗೆ ಕರೆ ಮಾಡುತ್ತಾ ಹೋದರೆ ಒಂದೊಂದು ಕರೆಗೆ 500 ಡಾಲರ್, ಬೇಕೆಂದೇ ಮಾಡಿದರೆ 1,500ರವರೆಗೆ ಕೋರ್ಟಿನಲ್ಲಿ ಕಕ್ಕಬೇಕಾಗುತ್ತದೆ. ನಮ್ಮಲ್ಲಿ ಊಟದ ಹೊತ್ತಿಗೆ ಸಾಲ ಬೇಕಾ ಅಂತ ಫೋನ್ ಮಾಡುವವರಿಗೆ ಇಂಥದ್ದು ಬರಬೇಕು. ಪ್ರತಿ ಫೀಯಲ್ಲೂ ಮೊದಲು ತೆರಿಗೆಗೆ ತೆಗೆದಿಡುತ್ತೇನೆ, ಆಮೇಲೆ ಮುಂದಿನ ತಿಂಗಳ ಕಾಗದದ ಖರ್ಚು, ಸಂಬಳ. ಉಳಿದರೆ ಮನೆಗೆ. ಕೆಲವು ತಿಂಗಳು ಏನೂ ಉಳಿಯುವುದಿಲ್ಲ. ಅದಕ್ಕೂ ತೆಗೆದಿಟ್ಟಿದ್ದೇನೆ. ಚಿಂತೆ ಮಾಡಬೇಡಿ.

ಬಸು ಓದುವಾಗ ಇನ್ನು ಮುಂದಿನದನ್ನು ಎರಡು ಸಲ ಓದಲಿ.

ಬಸು, ನಾನು ಕರಾರು ಮಾಡುವಾಗ ಇಡುವ ಮುಂಗಡ ಐನೂರು, ಸಾವಿರ ಡಾಲರ್. ಅದನ್ನು ಮನೆಯವರ ಕೈಗೆ ಕೊಡುವುದಿಲ್ಲ. ಟೈಟಲ್ ಕಂಪನಿ ಅಂತ ಮೂರನೆಯವರಿರುತ್ತಾರೆ, ದುಡ್ಡು ಅವರ ಹತ್ತಿರ ಇರುತ್ತದೆ. ಅದರ ಜೊತೆ ಒಂದಿಷ್ಟು ಡಾಲರ್ ಬೇರೆ ಕೊಟ್ಟರೆ ಒಂದು ವಾರ, ಹತ್ತು ದಿನ ಯೋಚನೆ ಮಾಡುವ ಅವಧಿ ಸಿಗುತ್ತದೆ. ಅಷ್ಟರೊಳಗೆ ಬೇಡ ಅನ್ನಿಸಿದರೆ ಮುಂಗಡ ವಾಪಸ್, ಕಾರಣ ಹೇಳುವ ಹಾಗೂ ಇಲ್ಲ. ಆ ಟೈಟಲ್ ಕಂಪನಿಯವರೇ ಹಳೆಯ ದಾಖಲೆ ಜಾಲಾಡುತ್ತಾರೆ. ಬ್ಯಾಂಕಿನ ಸಾಲ, ಕಟ್ಟದ ತೆರಿಗೆ, ಬಿಟ್ಟುಹೋದ ವಾರಸುದಾರ, ಎಲ್ಲ ಹೊರಗೆ ಬರುತ್ತದೆ. ಆಮೇಲೆ ಕೊಂಡವನಿಗೆ ಇನ್ಶೂರೆನ್ಸ್ ಕೊಡುತ್ತಾರೆ. ನಾಳೆ ಯಾರೋ ಬಂದು ಇದು ನಮ್ಮಜ್ಜನ ಮನೆ ಅಂದರೆ ಆ ಇನ್ಶೂರೆನ್ಸ್ ಕಂಪನಿ ನೋಡಿಕೊಳ್ಳುತ್ತದೆ. ಒಂದು ಸಲ ಮನೆ ಮಾರುವವರಿಗೆ ಯಾರಿಗೂ ಗೊತ್ತಿಲ್ಲದ ಇನ್ನೊಬ್ಬ ತಂಗಿ ದಾಖಲೆಯಲ್ಲಿ ಎದ್ದು ಬಂದಳು. ವ್ಯವಹಾರ ನಿಂತಿತು, ನನ್ನ ಮುಂಗಡ ನನಗೆ ಬಂತು. ಅಷ್ಟೇ. ಅಣ್ಣತಮ್ಮಂದಿರ ಜಗಳ ಇಲ್ಲೂ ಇದೆ, ಆದರೆ ಅದರ ನಡುವೆ ನನ್ನ ದುಡ್ಡು ಸಿಕ್ಕಿಕೊಳ್ಳುವುದಿಲ್ಲ.

ಬಳ್ಳಾರಿಯಲ್ಲಿ ನೀನು ಮಾಡಲು ಹೊರಟಿದ್ದೇನು? ಬೈಪಾಸ್ ಕಡೆ ಎರಡು ಎಕರೆಗೆ 15 ಲಕ್ಷ ಇಸಾರ (ಕರಾರಿನ ಮುಂಗಡ) ಕೊಡುವುದು. ಮೂರು ತಿಂಗಳಲ್ಲಿ ಬೆಂಗಳೂರಿನ ಪಾರ್ಟಿಗೆ ದಾಟಿಸುವುದು. ಆ 15 ಲಕ್ಷಕ್ಕೆ ಕಾರಟಗಿಯ ಗದ್ದೆ ಅಡ. ಬಡ್ಡಿ ನೂರಕ್ಕೆ ಮೂರು ರೂಪಾಯಿ. ತಿಂಗಳಿಗೆ 45,000. ಆರು ತಿಂಗಳು ಎಳೆದರೆ 2,70,000 ಬರೀ ಬಡ್ಡಿ, ಅಸಲು ಹಾಗೇ ನಿಂತಿರುತ್ತದೆ. ಮೂರು ತಿಂಗಳಲ್ಲಿ ಮುಗಿದ ಜಮೀನು ವ್ಯವಹಾರ ನಮ್ಮ ಕಡೆ ನೀನು ಎಷ್ಟು ನೋಡಿದ್ದೀಯ?

ಆ ಇಸಾರ ಕೊಟ್ಟರೆ ನಿನಗೆ ಸಿಗುವುದೇನು? ಇಲ್ಲಿಯ ಕೋರ್ಟುಗಳು ಕರಾರು ಮಾಡಿಕೊಂಡವನಿಗೂ ಆಸ್ತಿಯಲ್ಲಿ ಒಂದು ಬಗೆಯ ಹಕ್ಕಿದೆ ಅಂತ ಒಪ್ಪುತ್ತವೆ. ನಾನು ಮಾರುವುದು ಅದನ್ನೇ. ನಮ್ಮಲ್ಲಿ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಮಿನಲ್ಲೇ ಬರೆದಿದೆ, ಮಾರಾಟದ ಕರಾರಿನಿಂದ ಆಸ್ತಿಯ ಮೇಲೆ ಯಾವ ಹಕ್ಕೂ ಹುಟ್ಟುವುದಿಲ್ಲ ಅಂತ. ಜಮೀನಿನ ಮಾಲೀಕ ಕೈ ಎತ್ತಿದರೆ ನೀನು ಕೋರ್ಟಿಗೆ ಹೋಗಬೇಕು. ವಕೀಲರ ಫೀ, ವಾಯಿದೆ, ಮತ್ತೆ ವಾಯಿದೆ. ಬಡ್ಡಿಗೆ ವಾಯಿದೆ ಇಲ್ಲ. ಜಿಪಿಎ (ಮಾಲೀಕನ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಬರೆಸಿಕೊಂಡು ಮಾರುತ್ತೇನೆ ಅಂತ ನಿನ್ನ ಗೆಳೆಯ ಹೇಳಿದ್ದಾನಂತೆ. ಜಿಪಿಎ ಮೇಲೆ ಮಾಲೀಕತ್ವ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ. ಮೊದಲು ನಿನ್ನ ಹೆಸರಿಗೆ, ಆಮೇಲೆ ಅವರ ಹೆಸರಿಗೆ ಅಂತ ಎರಡು ಸಲ ರಿಜಿಸ್ಟರ್ ಮಾಡಿಸಿದರೆ ಎರಡು ಸಲ ಮುದ್ರಾಂಕ ಶುಲ್ಕ. 5 ಪರ್ಸೆಂಟ್, ಅದರ ಮೇಲೆ ಸೆಸ್ಸು. ನೋಂದಣಿ ಶುಲ್ಕವೂ ಈಗ ಒಂದರಿಂದ 2 ಪರ್ಸೆಂಟ್ ಆಗಿದೆ. ಟೆಕ್ಸಾಸ್‌ನಲ್ಲಿ ಮನೆ ಕೈ ಬದಲಾದರೆ ಅಂಥ ಶುಲ್ಕವೇ ಇಲ್ಲ. ನನ್ನ ಲೆಕ್ಕ ಅಲ್ಲಿ ಕೂರುವುದಿಲ್ಲ, ತಿಳಿಯಿತಾ?

ಆ ಎರಡು ಎಕರೆ ಇನ್ನೂ ಎನ್‌ಎ (ಕೃಷಿಯೇತರ) ಆಗಿಲ್ಲ ಅಂತ ಅಪ್ಪಾಜಿ ಬರೆದಿದ್ದಾರೆ. 500 ಚದರ ಮೀಟರ್ ದಾಟಿದ ಜಾಗದಲ್ಲಿ ಪ್ಲಾಟ್ ಹಾಕಿ ಮಾರಬೇಕು ಅಂದರೆ ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ ನೋಂದಣಿ ಆಗಬೇಕು. ಒಂದು ಎಕರೆಯೇ ನಾಲ್ಕು ಸಾವಿರ ಚದರ ಮೀಟರ್ ದಾಟುತ್ತದೆ. ನೋಂದಣಿ ಆಗದೆ ಜಾಹೀರಾತು ಕೊಡುವ ಹಾಗೂ ಇಲ್ಲ. ಮಾಲೀಕ ಒಬ್ಬನೇ ಅಂತ ಹೇಳುತ್ತಾನಂತೆ. ಪಿತ್ರಾರ್ಜಿತವಾದರೆ ಅವನ ಅಕ್ಕತಂಗಿಯರಿಗೆ 2005ರ ತಿದ್ದುಪಡಿಯಿಂದ ಸಮಪಾಲು ಇದೆ. ವಂಶವೃಕ್ಷ ತರಿಸಿದ್ದೀಯಾ? ಅದು ಸರಕಾರ ಮಂಜೂರು ಮಾಡಿದ ದರಖಾಸ್ತು ಜಮೀನಾಗಿದ್ದರೆ? ಪರಿಶಿಷ್ಟರಿಗೆ ಸರಕಾರ ಕೊಟ್ಟ ಜಮೀನಾದರೆ 1978ರ ಪಿಟಿಸಿಎಲ್ ಕಾಯ್ದೆ ಪ್ರಕಾರ ಅನುಮತಿ ಇಲ್ಲದೆ ಮಾರುವಂತೆಯೇ ಇಲ್ಲ. ಮಾರಿದರೂ ವಾಪಸ್ ಹೋಗುತ್ತದೆ. ನಮ್ಮ ಕಡೆ ಅಂಥ ಜಮೀನು ಕಡಿಮೆ ಏನಿಲ್ಲ. ಇದನ್ನೆಲ್ಲ ನೋಡಿಕೊಡಲು ಅಲ್ಲಿ ಟೈಟಲ್ ಕಂಪನಿ ಕೂತಿಲ್ಲ. ನೀನೇ ನೋಡಬೇಕು, ಮತ್ತು ನೋಡಿದ್ದು ತಪ್ಪಾದರೆ ಹೋಗುವುದು ನಮ್ಮ ಗದ್ದೆ.

ದೊಡ್ಡಪ್ಪನ ಕತೆ ನಿನಗೆ ನೆನಪಿರಲಿಕ್ಕಿಲ್ಲ, ನೀನಾಗ ಹಾಸ್ಟೆಲಿನಲ್ಲಿದ್ದೆ. ಕಬ್ಬಿಣದ ಅದಿರಿಗೆ ಚೀನಾದಲ್ಲಿ ಬೇಡಿಕೆ ಇದ್ದ ಕಾಲ. ಹೊಸಪೇಟೆ, ಸಂಡೂರು ಕಡೆ ರಾತ್ರಿಯೆಲ್ಲ ಲಾರಿ. ರಸ್ತೆ ಪಕ್ಕದ ಕಲ್ಲುಭೂಮಿಗೂ ಇಸಾರದ ಮೇಲೆ ಇಸಾರ. ಒಂದೇ ಜಮೀನಿನ ಕರಾರು ನಾಲ್ಕು ಕೈ ದಾಟಿ ದೊಡ್ಡಪ್ಪನ ಹತ್ತಿರ ಬಂತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆ ನಿಲ್ಲಿಸಿತು. ಮುಂದಿನ ಕೈ ಬರಲೇ ಇಲ್ಲ. ಅವರು ಆಮೇಲೆ ಆ ಕರಾರು ಪತ್ರವನ್ನು ಟ್ರಂಕಿನಿಂದ ತೆಗೆದು ನೋಡುವುದು, ಮತ್ತೆ ಮಡಚಿ ಇಡುವುದು, ಇದನ್ನು ನಾನು ಕಣ್ಣಾರೆ ನೋಡಿದ್ದೇನೆ. ದೊಡ್ಡಮ್ಮನ ಬಳೆ ಅದಕ್ಕೇ ಹೋಗಿದ್ದು. ಅಪ್ಪಾಜಿ ಕಾಗದ ಬರೆದಿದ್ದು ಸುಮ್ನೆ ಅಲ್ಲ.

ನಿನಗೆ ಈ ಕೆಲಸದಲ್ಲಿ ಆಸೆ ಇದ್ದರೆ ದಾರಿ ಇದೆ. ರೇರಾದಲ್ಲಿ ಏಜೆಂಟ್ ಅಂತ ನೋಂದಣಿ ಮಾಡಿಸಿಕೋ. ಮಂಜೂರಾದ ಲೇಔಟಿನ ಪ್ಲಾಟ್ ಮಾರಿಸಿ ಕಮಿಷನ್ ತೆಗೆದುಕೋ. ನಿನ್ನ ದುಡ್ಡು ಒಂದು ಪೈಸೆಯೂ ನಡುವೆ ನಿಲ್ಲುವುದಿಲ್ಲ. ನೀನು ಮಾತುಗಾರ, ಬಳ್ಳಾರಿಯ ಗಲ್ಲಿ ಗಲ್ಲಿ ಗೊತ್ತು, ಮಾಡುತ್ತೀಯ. ಇಲ್ಲವೇ ನನ್ನ ಕೆಲಸವನ್ನೇ ಅಲ್ಲಿಂದ ಮಾಡು. ಫೋನ್ ಮಾಡುವ ಕೆಲಸ ಬೇಡ. ಕೌಂಟಿ ದಾಖಲೆಯಿಂದ ಪಟ್ಟಿ ತೆಗೆಯಬೇಕು, ಹೆಸರು ವಿಳಾಸ ತಾಳೆ ನೋಡಬೇಕು, ಅಕ್ಕಪಕ್ಕದಲ್ಲಿ ಮಾರಾಟಕ್ಕಿಟ್ಟ ಮನೆಗಳ ಬೆಲೆ ಕೂಡಿಸಿಡಬೇಕು. ಟೆಕ್ಸಾಸ್‌ನಲ್ಲಿ ಮನೆ ಎಷ್ಟಕ್ಕೆ ಮಾರಾಟವಾಯಿತು ಅಂತ ಸರಕಾರಿ ದಾಖಲೆಯಲ್ಲಿ ಬರೆಯುವುದಿಲ್ಲ, ಹಾಗಾಗಿ ಆ ಲೆಕ್ಕಕ್ಕೆ ತಾಳ್ಮೆ ಇರುವವರು ಬೇಕು. ನಿನಗೆ ಎಕ್ಸೆಲ್ ಬರುತ್ತದೆ. ಬೇರೆಯವರಿಗೆ ಕೊಡುವ ಸಂಬಳವನ್ನೇ ನಿನಗೂ ಕೊಡುತ್ತೇನೆ, ಜಾಸ್ತಿ ಇಲ್ಲ, ಕಡಿಮೆಯೂ ಇಲ್ಲ. ಒಂದು ವರ್ಷ ಮಾಡು. ಆಮೇಲೆ ಕೂತು ಮಾತಾಡೋಣ.

ಅಪ್ಪಾಜಿ, ಗದ್ದೆ ನಿಮ್ಮ ಹೆಸರಲ್ಲಿದೆ. ನಿಮ್ಮ ಹೆಬ್ಬೆಟ್ಟು ಇಲ್ಲದೆ ಏನೂ ನಡೆಯುವುದಿಲ್ಲ, ಹೆದರಬೇಡಿ. ನಾನು ಇಲ್ಲಿಂದಲೇ ಭೂಮಿ ವೆಬ್‌ಸೈಟಿನಲ್ಲಿ ನಮ್ಮ ಸರ್ವೆ ನಂಬರ್ ಹಾಕಿ ಪಹಣಿ ನೋಡಿದೆ. ನಿಮ್ಮ ಹೆಸರೇ ಇದೆ, ಋಣದ ಕಾಲಂನಲ್ಲಿ ಸೊಸೈಟಿಯ ಬೆಳೆ ಸಾಲ ಬಿಟ್ಟರೆ ಏನೂ ಇಲ್ಲ. ರಾತ್ರಿ ಹನ್ನೆರಡಕ್ಕೆ ಡಲ್ಲಾಸ್‌ನಲ್ಲಿ ಕೂತು ಕಾರಟಗಿಯ ಪಹಣಿ ನೋಡುತ್ತಿದ್ದೀಯ ಅಂತ ವಿದ್ಯಾ ತಮಾಷೆ ಮಾಡಿದಳು. ನೋಡಲಿ ಬಿಡಿ. ಬಸು ಮೇಲೆ ಕೂಗಾಡಬೇಡಿ. ಅವನಿಗೆ ಈಗ ಕೈಖರ್ಚಿಗೆ ಇಲ್ಲದಿರಬಹುದು, ಅದನ್ನು ಬಾಯಿಬಿಟ್ಟು ಹೇಳುವವನಲ್ಲ. ಸ್ವಲ್ಪ ದುಡ್ಡು ಅವನ ಅಕೌಂಟಿಗೆ ಹಾಕಿದ್ದೇನೆ. ಸಾಲ ಅಂತ ಅಲ್ಲ, ಲೆಕ್ಕ ಕೇಳುವುದೂ ಇಲ್ಲ. ನನಗೆ ಇಲ್ಲಿ ಏನೂ ಕಡಿಮೆಯಾಗಿಲ್ಲ. ನಿಜ. ಊಟ, ನಿದ್ದೆ ಎಲ್ಲ ಸರಿ ಇದೆ. ತೂಕ ಮಾತ್ರ ಜಾಸ್ತಿಯಾಗಿದೆ, ಅವ್ವನಿಗೆ ಹೇಳಿ, ಖುಷಿಪಡುತ್ತಾಳೆ.

ಗವಿಮಠದ ಜಾತ್ರೆಗೆ ಈ ಸಲವೂ ಬರಲಾಗುವುದಿಲ್ಲ. ತೇರಿನ ದಿನ ವಿಡಿಯೋ ಕಾಲ್ ಮಾಡಲು ಶಾಂತಕ್ಕನ ಮಗನಿಗೆ ಹೇಳಿ, ಮಕ್ಕಳು ನೋಡುತ್ತವೆ. ದಾಸೋಹದ ರೊಟ್ಟಿಗೆ ನಮ್ಮ ಮನೆಯಿಂದ ಕೊಡುವುದನ್ನು ತಪ್ಪಿಸಬೇಡಿ, ದುಡ್ಡು ನಾನು ಕಳಿಸುತ್ತೇನೆ. ಇನ್ನೂ ಬರೆಯಬೇಕಿತ್ತು, ಆದರೆ ನಾಳೆ ಬೆಳಿಗ್ಗೆ ಟೈಟಲ್ ಕಂಪನಿಯಲ್ಲಿ ಸಹಿ ಇದೆ, ಕಾಗದಪತ್ರ ಇನ್ನೂ ನೋಡಿಲ್ಲ. ಚಿಕ್ಕವನು ಬೇರೆ ಎದ್ದು ಅಳುತ್ತಿದ್ದಾನೆ. ಈ ಕಾಗದ ಮುಟ್ಟಿದ ಕೂಡಲೇ ಒಂದು ಮಿಸ್ಡ್ ಕಾಲ್ ಕೊಡಿ. ಉತಾರ, ಖಾತೆ ಪುಸ್ತಕ ಎರಡನ್ನೂ ಬೀರುವಿನಲ್ಲಿಟ್ಟು ಕೀಲಿ ಅವ್ವನ ಹತ್ತಿರ ಕೊಡಿ, ಬಸು ಕೇಳಿದರೆ ನನ್ನ ಹೆಸರು ಹೇಳಿ.

ನಿಮ್ಮ
ಗವಿ